ಬಿಳಿ ಮೂಲೆ

ಎದುರಾಳಿ ಬಿದ್ದಳು. ಡೆಲ್ಫಿನಾ ಆರ್ಚುಲೆಟಾ ಬೆನ್ನು ತಿರುಗಿಸಿ ನಡೆಯತೊಡಗಿದಳು.

ಓಡಲಿಲ್ಲ, ಕೈ ಎತ್ತಿ ಕುಣಿಯಲಿಲ್ಲ. ಎಡಗೈ ಹೊಡೆತ ಗದ್ದಕ್ಕೆ ಸರಿಯಾಗಿ ಕೂತದ್ದು ಅವಳ ಭುಜಕ್ಕೆ ಗೊತ್ತಾಗಿತ್ತು. ಇಪ್ಪತ್ತಾರು ವರ್ಷಗಳಿಂದ ಭುಜಕ್ಕೆ ಹಾಗೆ ಗೊತ್ತಾದ ಕೂಡಲೇ ಕಾಲುಗಳು ತಾವಾಗಿಯೇ ಬಿಳಿ ಮೂಲೆಯ ಕಡೆ ಹೊರಡುತ್ತಿದ್ದವು. ಬಾಕ್ಸಿಂಗ್ ಕಣಕ್ಕೆ ನಾಲ್ಕು ಮೂಲೆ. ಕೆಂಪು ಒಬ್ಬರದು, ನೀಲಿ ಇನ್ನೊಬ್ಬರದು, ಉಳಿದೆರಡು ಬಿಳಿ, ಯಾರದೂ ಅಲ್ಲ. ಎದುರಾಳಿ ಬಿದ್ದರೆ ಬೀಳಿಸಿದವರು ಬಿಳಿ ಮೂಲೆಗೆ ಹೋಗಿ ನಿಲ್ಲಬೇಕು, ಅವರು ಹೋಗಿ ನಿಲ್ಲುವ ತನಕ ರೆಫರಿ ಹತ್ತರ ಎಣಿಕೆ ಶುರು ಮಾಡುವಂತಿಲ್ಲ. ಡೆಲ್ಫಿನಾ ಹೋದಳು. ಎರಡೂ ತೋಳು ಚಾಚಿ ಒರಗಿದಳು. ಬೆನ್ನಿಗೆ ಹಗ್ಗದ ಬದಲು ತಂತಿಬಲೆ ತಾಗಿತು. ಇರಲಿ ಬಿಡು, ಅಂದುಕೊಂಡಳು.

ಮೇಲಿನ ದೀಪಗಳು ಹಾಲಿನಲ್ಲಿ ತೇಲುತ್ತಿರುವಂತಿದ್ದವು. ಜನರ ಕೂಗು, ನಲ್ಲಿಯಡಿ ತಲೆ ಕೊಟ್ಟಾಗ ಹೊರಗಿನ ಮಾತು ಕೇಳಿಸುವ ಹಾಗೆ, ಇದೆಯೋ ಇಲ್ಲವೋ ಅನ್ನುವಂತಿತ್ತು. ಒಂದು, ಎರಡು ಎಂದು ಅವಳು ಮನಸ್ಸಿನಲ್ಲೇ ಎಣಿಸಿದಳು. ಬಾಳಿನಲ್ಲಿ ಅವಳಿಗೆ ತುಂಬಾ ಇಷ್ಟವಾದ ಹೊತ್ತು ಇದೇ. ಯಾರೂ ಹೊಡೆಯುವುದಿಲ್ಲ, ಯಾರನ್ನೂ ಹೊಡೆಯಬೇಕಾಗಿಲ್ಲ. ಉಸಿರು ಹೊಟ್ಟೆಯ ತಳದವರೆಗೂ ಇಳಿಯುತ್ತದೆ. ಬಿದ್ದವಳು ಏಳಲಿ ಎಂದೂ ಬೇಡ ಎಂದೂ ಅನ್ನಿಸುವುದಿಲ್ಲ.

ಐದಕ್ಕೆ ಬಂದಾಗ ತನ್ನ ಹೊರತು ಯಾರೂ ಎಣಿಸುತ್ತಿಲ್ಲ ಅನ್ನಿಸಿತು. ಎಣಿಸುವುದು ಹೇಗೆ? ಇದು ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಎಂಎಂಎ ಪಂದ್ಯದ ಪಂಜರ. ಇದಕ್ಕೆ ಎಂಟು ಮೂಲೆ, ಒಂದೂ ಬಿಳಿಯಲ್ಲ. ಇಲ್ಲಿ ಬಿದ್ದವರ ಮೇಲೆ ಎರಗಿ, ರೆಫರಿ ಬಂದು ಎಳೆಯುವ ತನಕ ಹೊಡೆಯಬೇಕು. ಇದೇನು ಅವಳಿಗೆ ಗೊತ್ತಿರಲಿಲ್ಲವೇ? ಎಂಟು ತಿಂಗಳು ಅದನ್ನೇ ಕಲಿತಿದ್ದಳು, ಪಾಪ. ಕೋಚ್ ಬರ್ನಿ ಟಫೋಯಾ ತಂತಿಬಲೆಗೆ ಬಾಯಿ ಹಚ್ಚಿ ಕಿರುಚುತ್ತಿದ್ದಳು.

"ಹೋಗೇ! ಮೇಲೆ ಬೀಳೇ! ಅಯ್ಯೋ ನಿನ್ ಮನೆ ಹಾಳಾಗ, ಹೋಗೇ!"

ಅಷ್ಟರಲ್ಲಿ ಬಿದ್ದಿದ್ದ ನೆಬ್ರಾಸ್ಕಾದ ಹುಡುಗಿ ಎದ್ದಿದ್ದಳು. ಡೆಲ್ಫಿನಾಳ ಎರಡೂ ಕಾಲು ಹಿಡಿದು ಕೆಡವಿ, ಬೆನ್ನಿಗೆ ಹತ್ತಿ, ತೋಳನ್ನು ಕುತ್ತಿಗೆಗೆ ಸುತ್ತಿದಳು. ನೋವೇನೂ ಆಗಲಿಲ್ಲ. ದೀಪಗಳು ಒಂದೊಂದಾಗಿ ಹಾಲಿನೊಳಗೆ ಮುಳುಗಿದವು, ಅಷ್ಟೆ. ಪ್ರಜ್ಞೆ ತಪ್ಪಿದ ಆ ನಿದ್ದೆಯಲ್ಲಿ ಅವಳು ಅಪ್ಪನ ಗ್ಯಾರೇಜಿನಲ್ಲಿದ್ದಳು. ಬೇಸಿಗೆ. ಬಾಗಿಲಾಚೆ ಅಂಗಳದಲ್ಲಿ ಯಾರೋ ಮೆಣಸಿನಕಾಯಿ ಸುಡುತ್ತಿದ್ದ ಘಾಟು. ಅಪ್ಪ ನೆಲ ಗುಡಿಸುತ್ತಿದ್ದ, ಗುಡಿಸುತ್ತಲೇ ಇದ್ದ.

"ಗೆದ್ದೆನಾ?" ಕಣ್ಣು ಬಿಟ್ಟು ಕೇಳಿದಳು.

"ಹೂಂ, ನಿದ್ದೆ ಮಾಡಿ ಗೆದ್ದೆ," ಅಂದಳು ಬರ್ನಿ. ಅವಳ ಕಣ್ಣು ಕೆಂಪಾಗಿತ್ತು.

ನಮ್ಮ ಪ್ವೆಬ್ಲೋ ಊರಿಗೆ ಉಕ್ಕಿನ ಕಾರ್ಖಾನೆ ಬಿಟ್ಟರೆ ಹೆಮ್ಮೆ ಅಂತ ಇದ್ದದ್ದು ಇವಳೊಬ್ಬಳೇ. ಬಾಕ್ಸಿಂಗಿನಲ್ಲಿ ಮೂವತ್ತೊಂದು ಪಂದ್ಯ ಆಡಿದ್ದಳು, ಸೋತದ್ದು ಮೂರು. ಎರಡು ಚಾಂಪಿಯನ್ ಬೆಲ್ಟು ತಂದಿದ್ದಳು. ಕೊರಿನಾ ಅಜ್ಜಿಯ ಟೋರ್ಟಿಯಾ ರೊಟ್ಟಿಯ ಅಂಗಡಿಯಲ್ಲಿ ಸಂತರ ಪಟಗಳ ಪಕ್ಕದಲ್ಲೇ ಇವಳ ಪಟ. ಆದರೆ ಮೂವತ್ತೈದಾದ ಮೇಲೆ ಬಾಕ್ಸಿಂಗಿಗೆ ಕರೆಯುವವರು ಯಾರೂ ಇರಲಿಲ್ಲ. ಪಂಜರದವರು ಕರೆದರು. ಹೋದಳು. ಮೊದಲ ಪಂದ್ಯವೇ ಹೀಗಾಯಿತು. ಮರುದಿನ ಆಯೋಜಕ ಫೋನ್ ಮಾಡಿ ತುಂಬಾ ಮರ್ಯಾದೆಯಿಂದ ಹೇಳಿದ, ಡೆನ್ವರಿನಲ್ಲಿ ಐದು ವಾರ ಬಿಟ್ಟು ಇನ್ನೊಂದು ಪಂದ್ಯ ಕೊಡುತ್ತೇನೆ, ಅದರಲ್ಲೂ ಮೂಲೆಗೆ ಹೋಗಿ ನಿಂತರೆ ಆಮೇಲೆ ಮನೆಯಲ್ಲೇ ನಿಂತಿರಿ ಎಂದು.

ಊರಿನವರಿಗೆ ಅಷ್ಟು ಮರ್ಯಾದೆ ಇರಲಿಲ್ಲ.

"ಏನಮ್ಮಾ ಫೀನಾ, ಕಾಫಿ ಕುಡಿಯೋಕೆ ಹೋಗಿದ್ಯಾ ಆ ಮೂಲೇಗೆ?" ಅಂದಳು ಕೊರಿನಾ ಅಜ್ಜಿ, ಟೋರ್ಟಿಯಾ ಕಟ್ಟಿಕೊಡುತ್ತ. "ಟೀವಿ ಮುಂದೆ ಕೂತು ಒಂದು ಬಟ್ಟಲು ಮೆಣಸಿನ ಸಾರು ಮೈಮೇಲೆ ಚೆಲ್ಕೊಂಡೆ ಕಣೇ ನಿನ್ನಿಂದ. ತೊಡೆ ಇನ್ನೂ ಉರೀತಿದೆ."

"ತಪ್ಪಾಯ್ತು ಅಜ್ಜಿ."

"ತಪ್ಪು ಗಿಪ್ಪು ಬೇಡ. ಮುಂದಿನ ಸಲ ಆ ಹುಡುಗೀನ ಚಚ್ಚಿ ಹಾಕು. ತಗೋ, ನಾಲ್ಕು ಜಾಸ್ತಿ ಹಾಕಿದೀನಿ."

ಆ ವಾರಗಳಲ್ಲಿ ಡೆಲ್ಫಿನಾ ನಿದ್ದೆಯಿಂದ ಪೂರಾ ಎದ್ದೇ ಇರಲಿಲ್ಲ ಅನ್ನಬೇಕು. ನದಿಯ ದಂಡೆಯ ಮೇಲೆ ಬೆಳಿಗ್ಗೆ ಓಡುವಾಗ ತಾನು ಓಡುತ್ತಿರುವುದನ್ನು ತಾನೇ ಆಚೆ ದಡದಿಂದ ನೋಡುತ್ತಿರುವಂತೆ ಅನ್ನಿಸುತ್ತಿತ್ತು. ಎಷ್ಟೋ ಸಲ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಗೊತ್ತಿಲ್ಲದೆ ಮೂಲೆಗೆ ಹೋಗಿ ಒರಗಿರುತ್ತಿದ್ದಳು. ಹೆದರಿಕೆ ಮಾತ್ರ ಎಚ್ಚರವಾಗಿತ್ತು. ಗುದ್ದುವುದು ಬಿಟ್ಟರೆ ಅವಳಿಗೆ ಬೇರೆ ಯಾವುದೂ ಬರುತ್ತಿರಲಿಲ್ಲ.

ಬರ್ನಿಯ ಜಿಮ್ಮಿನಲ್ಲಿ ಮರಳು ತುಂಬಿದ ಬೊಂಬೆಯನ್ನು ನೆಲಕ್ಕೆ ಹಾಕಿ ಹೊಡೆ ಎಂದರೆ ಹೊಡೆಯುತ್ತಿದ್ದಳು. ಬೊಂಬೆಗೆ ಮುಖವಿಲ್ಲ. ಮನುಷ್ಯರು ಮಲಗಿದರೆ ಮಾತ್ರ ಆಗುತ್ತಿರಲಿಲ್ಲ. ಬರ್ನಿಯೇ ಅಂಗಾತ ಮಲಗಿ, ಎರಡೂ ಕೈಗೆ ಚರ್ಮದ ಪ್ಯಾಡ್ ತೊಟ್ಟು ಮುಖದ ಮೇಲೆ ಹಿಡಿದುಕೊಂಡು, ಬೈದು, ಕೆಣಕಿ, ಅಂಗಲಾಚಿ ನೋಡಿದಳು. ಡೆಲ್ಫಿನಾಳ ಮುಷ್ಟಿ ಪ್ಯಾಡಿಗೆ ಒಂದು ಗೇಣು ಇರುವಾಗ ನಿಂತುಬಿಡುತ್ತಿತ್ತು.

"ನಾನು ನಿಲ್ಲಿಸ್ತಿಲ್ಲ ಬರ್ನಿ. ಅದೇ ನಿಲ್ಲುತ್ತೆ."

"ಅದಕ್ಕೇನು ಬೇರೆ ಯಜಮಾನ ಇದಾನಾ?"

ಇದ್ದ. ಒಂಬತ್ತು ವರ್ಷದವಳಿದ್ದಾಗ, ಅಪ್ಪ ಮಕ್ಕಳಿಗೆ ಬಾಕ್ಸಿಂಗ್ ಕಲಿಸುತ್ತಿದ್ದ ಗ್ಯಾರೇಜಿನಲ್ಲಿ ಚಿಕ್ಕಪ್ಪನ ಮಗ ರೂಬೆನ್‌ನನ್ನು ಕೆಡವಿದ ಖುಷಿಯಲ್ಲಿ, ಅವನು ಮೊಣಕಾಲ ಮೇಲಿದ್ದಾಗಲೇ ಇನ್ನೊಂದು ಗುದ್ದಿದ್ದಳು. ಅಪ್ಪ ಎಲಾಯ್ ಕೂಗಾಡಲಿಲ್ಲ. ಗ್ಲೌಸಿನ ದಾರ ನಿಧಾನವಾಗಿ ಬಿಚ್ಚಿದ. "ಬಿದ್ದೋನು ನಿನ್ನ ಎದುರಾಳಿ ಅಲ್ಲ ಮಗಳೇ. ಅವನು ಬರೀ ಬಿದ್ದೋನು," ಅಂದ. ಒಂದು ತಿಂಗಳು ಅವಳಿಗೆ ಗ್ಯಾರೇಜಿನ ಒಳಗೆ ಪ್ರವೇಶವಿಲ್ಲ. ಹೊರಗೆ ಕೂತು ಒಳಗಿನ ಗುದ್ದುಗಳ ಸದ್ದು ಕೇಳಿಸಿಕೊಳ್ಳುತ್ತ ಅತ್ತಿದ್ದಳು. ಆಮೇಲೆ ಅಂಥ ತಪ್ಪು ಯಾವತ್ತೂ ಆಗಲಿಲ್ಲ.

ಆ ಎಲಾಯ್‌ಗೆ ಈಗ ಎಪ್ಪತ್ತೆರಡು. ಕಾರ್ಖಾನೆಯ ಕುಲುಮೆ ಮುಂದೆ ಮೂವತ್ತನಾಲ್ಕು ವರ್ಷ ನಿಂತು ಎರಡೂ ಭುಜ ಸವೆದಿದ್ದವು. ಮಗಳ ಬಾಕ್ಸಿಂಗ್ ಪಂದ್ಯ ಒಂದನ್ನೂ ತಪ್ಪಿಸದವನು ಪಂಜರದ ಪಂದ್ಯಕ್ಕೆ ಬಂದಿರಲಿಲ್ಲ. ಭಾನುವಾರಗಳಂದು ಚರ್ಚಿನಿಂದ ಬಂದು ಇಬ್ಬರೂ ಅವನ ಮನೆಯಲ್ಲಿ ಊಟಕ್ಕೆ ಕೂತಾಗ ಅವನು ಕಾಳು ಸಾರಿನ ಬಟ್ಟಲು ಮುಂದೆ ತಳ್ಳುತ್ತಿದ್ದ, ಪಂದ್ಯದ ಸುದ್ದಿ ಎತ್ತುತ್ತಿರಲಿಲ್ಲ. ಮೂರನೇ ಭಾನುವಾರ ಡೆಲ್ಫಿನಾಳೇ ಕೇಳಿದಳು.

"ನೋಡಿದ್ಯಾ ಅಪ್ಪಾ, ಪಂದ್ಯಾನ?"

"ನೋಡ್ದೆ, ಟೀವೀಲಿ."

"ಏನನ್ನಿಸ್ತು?"

"ಚೆನ್ನಾಗಿ ನಡೆದೆ," ಅಂದ.

"ನಡೆದೆನಂತೆ!" ಅವಳು ಚಮಚ ಕುಕ್ಕಿದಳು. "ಊರೆಲ್ಲ ನಗ್ತಿದೆ, ನೀನು ನಡಿಗೆ ನೋಡ್ದೆ. ಇನ್ನೊಂದು ಸಲ ಹೀಗಾದ್ರೆ ಮುಗೀತು, ಗೊತ್ತಾ? ಆಮೇಲೆ ನಾನ್ಯಾರು? ಕೊರಿನಾ ಅಜ್ಜಿ ಅಂಗಡೀಲಿ ಹಿಟ್ಟು ಕಲಸ್ಲಾ?"

"ಎಡಗೈ ಹೊಡೆತಾನೂ ಚೆನ್ನಾಗಿತ್ತು."

"ಎಲ್ಲಾ ನೀನು ಮಾಡಿದ್ದೇ ಅಪ್ಪಾ! ನನ್ನ ಕೈಯೊಳಗೆ ನೀನು ಕೂತಿದೀಯ. ಎಷ್ಟು ತಳ್ಳಿದ್ರೂ ಎದ್ದು ಹೋಗಲ್ಲ." ಅಪ್ಪನ ಮೇಲೆ ಅವಳು ಹಿಂದೆ ಯಾವತ್ತೂ ದನಿ ಎತ್ತಿರಲಿಲ್ಲ.

ಎಲಾಯ್ ಟೋರ್ಟಿಯಾ ಮುರಿದ, ಬಟ್ಟಲು ಒರೆಸಿದ, ತಿನ್ನಲಿಲ್ಲ. "ಸಾರು ಆರ್ತಿದೆ, ಉಣ್ಣು," ಅಂದ.

ಮಂಗಳವಾರ ಮಧ್ಯಾಹ್ನ ಜಿಮ್ಮಿನ ಬಾಗಿಲು ತಳ್ಳಿಕೊಂಡು ಅವನು ಒಳಗೆ ಬಂದ. ಬಿಸಿಲು ಎತ್ತರದ ಕಿಟಕಿಗಳಿಂದ ಇಳಿದು ನೀಲಿ ಚಾಪೆಯ ಮೇಲೆ ಅಗಲವಾಗಿ ಮಲಗಿತ್ತು, ದೂಳಿನ ಕಣಗಳು ಅದರಲ್ಲಿ ಆರಾಮಾಗಿ ಮೇಲೆ ಕೆಳಗೆ ಓಡಾಡುತ್ತಿದ್ದವು. ಡೆಲ್ಫಿನಾಗೆ ಮೊದಲು ಕನಸೇ ಅನ್ನಿಸಿತು. ಇಸ್ತ್ರಿ ಅಂಗಿ ತೊಟ್ಟು, ಚರ್ಚಿಗೆ ಹೊರಟವನ ಹಾಗೆ ತಲೆ ಬಾಚಿಕೊಂಡು ಬಂದಿದ್ದ. ಬಾಗಿಲಲ್ಲೇ ಬೂಟು ಬಿಚ್ಚಿಟ್ಟು ಕಾಲುಚೀಲದಲ್ಲಿ ಚಾಪೆಯ ಮೇಲೆ ನಡೆದು ಬಂದ. ಕಂಕುಳಲ್ಲಿ ಗ್ಯಾರೇಜಿನ ಹಳೇ ಪ್ಯಾಡುಗಳಿದ್ದವು.

"ಇದನ್ನ ಹಿಡ್ಕೋ," ಎಂದು ಕನ್ನಡಕ ತೆಗೆದು ಬರ್ನಿಯ ಕೈಗೆ ಕೊಟ್ಟ. ಆಮೇಲೆ ಒಂದು ಮೊಣಕಾಲು ಊರಿದ. ಇನ್ನೊಂದನ್ನು ಊರಲು ಸ್ವಲ್ಪ ಹೊತ್ತು ಹಿಡಿಯಿತು. ಅಂಗೈ ಊರಿ, ಸೊಂಟ ಇಳಿಸಿ, ಉಸ್ಸಪ್ಪಾ ಎಂದು ಅಂಗಾತ ಮಲಗಿದ.

"ದೋನ್ ಎಲಾಯ್, ಹಿರಿಯರು ನೀವು, ಬೇಡಿ," ಬರ್ನಿ ಗಾಬರಿಯಾದಳು. "ನಾನು ಮಲಗ್ತೀನಿ, ನೀವು ಏಳಿ."

"ನೀನು ಮೂರು ವಾರ ಮಲಗಿ ಏನು ಕಿತ್ತು ಗುಡ್ಡೆ ಹಾಕ್ದೆ? ಸುಮ್ನಿರು." ಪ್ಯಾಡುಗಳನ್ನು ಮುಖದ ಮೇಲೆ ಹಿಡಿದ. ಭುಜಗಳು ಆಗಲೇ ನಡುಗುತ್ತಿದ್ದವು. "ಬಾ ಫೀನಾ."

"ಏಳಪ್ಪಾ. ಹುಚ್ಚು ಹಿಡಿದಿದೆಯಾ ನಿನಗೆ?"

"ಬಿದ್ದಿದೀನಿ. ಬಾ."

ಡೆಲ್ಫಿನಾಳ ಕಾಲುಗಳು ಹೊರಟವು, ಅವಳನ್ನು ಕೇಳದೆ. ಎರಡು ಹೆಜ್ಜೆ ಗೋಡೆಯ ಕಡೆ ಇಟ್ಟಾಗಿತ್ತು. ಇನ್ನೇನು ಆ ನಿಶ್ಶಬ್ದ ಬರುತ್ತದೆ, ಉಸಿರು ಹೊಟ್ಟೆಗೆ ಇಳಿಯುತ್ತದೆ.

"ಆ ಕಡೆ ಅಲ್ಲ," ಅಪ್ಪ ಅಂದ. ಗ್ಯಾರೇಜಿನ ದನಿ, ಜೋರಿಲ್ಲ. "ಇಲ್ಲಿ."

ಅವಳು ತಿರುಗಿ ಬಂದಳು. ಅವನ ಎದೆಯ ಎರಡೂ ಬದಿಗೆ ಮೊಣಕಾಲು ಊರಿದಳು. ಮಗುವಾಗಿದ್ದಾಗ ಹೀಗೇ ಕೂತು ಕುದುರೆ ಆಟ ಆಡಿದ್ದೂ ಇತ್ತು. ಪ್ಯಾಡುಗಳ ನಡುವೆ ಅವನ ಮುಖ ಸಣ್ಣದಾಗಿ, ಕನ್ನಡಕವಿಲ್ಲದೆ ಬೇರೆ ಯಾರದೋ ಮುಖದಂತೆ ಕಂಡಿತು. ಮುಷ್ಟಿ ಎತ್ತಿದಳು. ಒಂದು ಗೇಣು ಇರುವಾಗ ಅದು ನಿಂತಿತು. ಕಣ್ಣು ಮುಚ್ಚಿ ಉಳಿದಷ್ಟನ್ನು ಇಳಿಸಿದಳು. ಪ್ಯಾಡಿಗೆ ಸುಮ್ಮನೆ ತಾಗಿತು.

"ಇದೇನು, ಟೋರ್ಟಿಯಾ ತಟ್ತಾ ಇದೀಯಾ? ಕಣ್ಣು ಬಿಡು. ನನ್ನ ನೋಡ್ಕೊಂಡು ಹೊಡಿ."

"ಆಗಲ್ಲ ಅಪ್ಪಾ."

"ನಾನು ಹೇಳ್ತಿದೀನಲ್ಲ. ನಾನೇ ಹೇಳ್ತಿದೀನಿ."

ಅವಳು ಕಣ್ಣು ಬಿಟ್ಟಳು. ಹೊಡೆದಳು. ಸದ್ದು ಗೋಡೆಗೆ ತಾಗಿ ಬಂತು. ಅವನ ತಲೆ ಚಾಪೆಯೊಳಗೆ ಒಂದಿಷ್ಟು ಒತ್ತಿಹೋಗಿ ಮತ್ತೆ ಎದ್ದಿತು. ಬರ್ನಿ ಒಂದು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತಳು.

"ಇನ್ನೊಂದು," ಅಂದ ಎಲಾಯ್.

ಬಲಗೈ. ಎಡಗೈ. ಮತ್ತೆ ಬಲಗೈ. ಅವಳು ಈಗ ಬಿಕ್ಕುತ್ತಿದ್ದಳು, ಆದರೆ ಕೈ ನಿಲ್ಲಲಿಲ್ಲ. ಅಪ್ಪನ ಕಣ್ಣಿನ ನೀರು ಅಡ್ಡಕ್ಕೆ ಇಳಿದು, ನರೆತ ಕೂದಲು ದಾಟಿ, ಕಿವಿಯೊಳಗೆ ಹೋಗುತ್ತಿತ್ತು. ಒರೆಸಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ.

"ಇನ್ನೊಂದು," ಅಂದ.