ಅರ್ಧ ಪ್ರಶ್ನೆ

ನನ್ನ ತಂಗಿಯ ಗಂಡ ಲೇಬಿಶ್ ಕೆಟ್ಟವನಲ್ಲ, ಹೇಡಿ. ಕೆಟ್ಟವನಾಗಿದ್ದರೆ ಜಗಳವಾಡಿಯಾದರೂ ಗೆಲ್ಲಬಹುದಿತ್ತು.

ತಂಗಿ ಹಿಂದಾ ಏಳನೆಯ ಸಲ ಬಸುರಿಯಾದಳು. ಆರನೆಯ ಹೆರಿಗೆಯಾದ ಮೇಲೆ ಅವಳ ಮನಸ್ಸು ಕೆಟ್ಟು, ಒಂದು ಮಧ್ಯಾಹ್ನ ಮೂರನೇ ಮಹಡಿಯ ಹೊರಗಿನ ಕಬ್ಬಿಣದ ಮೆಟ್ಟಿಲಿನಿಂದ ಜಿಗಿಯಲು ಹೊರಟಿದ್ದಳು. ಸೊಂಟ ಹಿಡಿದು ಒಳಗೆಳೆದವಳು ನಾನು. ಆಮೇಲೆ ಆಸ್ಪತ್ರೆ. ಬ್ರೂಕ್ಲಿನ್ನಿನ ನಮ್ಮ ಯಹೂದಿ ಬೀದಿಯವರಿಗೆ ಮಾತ್ರ ಗಾಳಿ ಬದಲಾವಣೆಗೆ ಹೋಗಿದ್ದಾಳೆ ಎಂದೆವು. ಇಂಥ ಸುದ್ದಿ ಹಬ್ಬಿದರೆ ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲ. ಇನ್ನೊಂದು ಹೆರಿಗೆ ಅವಳನ್ನು ಮತ್ತೆ ಆ ಮೆಟ್ಟಿಲಿಗೇ ಒಯ್ಯುತ್ತದೆ ಎಂದು ಡಾಕ್ಟರ್ ಈಗ ಹೇಳಿದ್ದರು.

ಲೇಬಿಶ್ ಒಬ್ಬನೇ ಹೋಗಿ ನಮಗೆ ಧರ್ಮದ ತೀರ್ಪು ಹೇಳುವ ಗುರು ರಬ್ಬಿ ಝೆಲ್ಮನ್ ಅವರನ್ನು ಕೇಳಿಬಂದ. ಕೇಳಿದ್ದೇನು? ಹೆಂಡತಿಗೆ ತುಂಬ ದಣಿವು, ಗರ್ಭ ತೆಗೆಸಬಹುದೇ ಎಂದು. ದಣಿವಿಗೆಲ್ಲ ತೆಗೆಸಕೂಡದು ಎಂದರು. ಇನ್ನೇನು ಹೇಳಿಯಾರು?

ನಾನು ಇನ್ನೊಬ್ಬ ರಬ್ಬಿಗೆ ಫೋನ್ ಮಾಡಿದೆ.

“ಆಗಲೇ ಯಾರನ್ನಾದ್ರೂ ಕೇಳಿದ್ದೀರೇನಮ್ಮ?”

“ಕೇಳಿದ್ದಾರೆ. ಕೂಡದು ಅಂದ್ರಂತೆ.”

“ಹಾಗಾದ್ರೆ ನಾನು ಬಾಯಿ ಹಾಕೋ ಹಾಗಿಲ್ಲ. ಅವರ ಹತ್ರಾನೇ ಹೋಗಿ.”

ಒಬ್ಬರು ಕೂಡದೆಂದದ್ದನ್ನು ಇನ್ನೊಬ್ಬರು ಆಗಬಹುದು ಎನ್ನುವಂತಿಲ್ಲ. ನಮ್ಮಲ್ಲಿ ಅದು ಕಟ್ಟು. ಇದ್ದ ಬಾಗಿಲಿಗೆಲ್ಲ ಲೇಬಿಶ್ ಬೀಗ ಹಾಕಿ ಬಂದಿದ್ದ.

“ನಡಿಯೋ, ಪೂರ್ತಿ ಹೇಳು ನಡಿ,” ಎಂದೆ.

“ಅಕ್ಕ, ರುಖ್ಲಾಗೆ ಗಂಡು ನೋಡ್ತಿರೋದು ಯಾರು? ರಬ್ಬಿಯವರ ಹೆಂಡ್ತಿ! ಹೇಳಿದ್ರೆ ಮಗಳ ಮದುವೆ ಕಥೆ ಮುಗೀತು.”

“ಹೇಳದಿದ್ರೆ ನಿನ್ನ ಹೆಂಡ್ತಿ ಕಥೆ ಮುಗೀತದೆ. ಚಿಂತೆ ಬಿಡು, ಇನ್ನೊಬ್ಬಳನ್ನೂ ಅವರೇ ಹುಡುಕಿಕೊಡ್ತಾರೆ.”

ಅವನು ಟೋಪಿ ಹಾಕಿಕೊಂಡ. ಹಿಂದಾಳನ್ನೂ ಕರೆದುಕೊಂಡು ಮೂವರೂ ಹೋದೆವು.

ರಬ್ಬಿಯವರ ಕೋಣೆಗೆ ಅಡುಗೆಮನೆ ದಾಟಿಯೇ ಹೋಗಬೇಕು. ಪರ ಹೆಂಗಸರು ಒಳಗಿದ್ದರೆ ರಬ್ಬಿ ಬಾಗಿಲು ಮುಚ್ಚುವುದಿಲ್ಲ. ಆಚೆ ಅವರ ಹೆಂಡತಿ ಶಬ್ಬತ್ ದಿನದ ಊಟದ ಮೀನಿಗೆ ಈರುಳ್ಳಿ ಕೊಚ್ಚುತ್ತಿದ್ದರು.

“ಮತ್ತೇನಪ್ಪ?” ಎಂದರು ರಬ್ಬಿ.

ಲೇಬಿಶ್ ಬಾಗಿಲ ಕಡೆ ನೋಡಿದ. “ಅದೇ... ದಣಿವು. ಸ್ವಲ್ಪ ಜಾಸ್ತಿ.”

“ಥೂ, ನಿನ್ನ!” ಎಂದು ನಾನು ಎದ್ದೇಬಿಟ್ಟೆ. ಹಿಂದಾ ನನ್ನ ತೋಳು ಜಗ್ಗಿ ಕೂರಿಸಿದಳು.

“ದಣಿವಲ್ಲ ರಬ್ಬಿಗಳೇ,” ಎಂದಳು, ಅಡುಗೆಮನೆಗೂ ಕೇಳುವಷ್ಟು ಗಟ್ಟಿಯಾಗಿ. “ಹೋದ ಸಲ ಸಾಯೋಕೆ ಹೋಗಿದ್ದೆ. ಅಕ್ಕ ಎಳ್ಕೊಂಡ್ಲು. ಗಾಳಿ ಬದಲಾವಣೆ ಎಲ್ಲ ಸುಳ್ಳು, ಆಸ್ಪತ್ರೇಲಿದ್ದೆ. ಈಗ ಮತ್ತೆ ಶುರುವಾಗಿದೆ. ಕಿಟಕಿ ಹತ್ರ ಹೋಗೋಕೆ ನನಗೇ ಭಯ.”

ಕೊಚ್ಚುವ ಸದ್ದು ನಿಂತಿತು.

ರಬ್ಬಿ ಲೇಬಿಶ್‌ನನ್ನೇ ದಿಟ್ಟಿಸಿದರು. “ಅರ್ಧ ಪ್ರಶ್ನೆ ತಂದು ನನ್ನ ಕೈಲಿ ಇವಳನ್ನ ಕೊಲ್ಲಿಸ್ತಿದ್ದೆಯಲ್ಲಯ್ಯ! ಅವತ್ತು ಹೇಳಿದ್ದು ತೀರ್ಪೇ ಅಲ್ಲ. ಮಗು ಹುಟ್ಟೋವರೆಗೂ ತಾಯಿ ಜೀವಾನೇ ಮೊದಲು. ಡಾಕ್ಟರನ್ನ ಕೇಳ್ತೀನಿ. ಅವರೂ ಇದನ್ನೇ ಹೇಳಿದ್ರೆ ತೆಗೆಸಬಹುದು ಅಲ್ಲ, ತೆಗೆಸಲೇಬೇಕು.”

ಫೋನಿನಲ್ಲಿ ಡಾಕ್ಟರೂ ಅದನ್ನೇ ಹೇಳಿದರು.

ಹೊರಗೆ ಹೋಗಲು ಅಡುಗೆಮನೆಯೊಂದೇ ದಾರಿ. ಹಿಂದಾ ತಲೆಬಟ್ಟೆ ಸರಿಮಾಡಿಕೊಂಡು ಮುಂದೆ ನಡೆದಳು. ರಬ್ಬಿಯವರ ಹೆಂಡತಿ ತಲೆಯೆತ್ತದೆಯೇ ಹೇಳಿದರು:

“ರುಖ್ಲಾ ವಿಷಯ ಈಗಲೇ ಬೇಡಮ್ಮ. ಆಮೇಲೆ ನೋಡೋಣ.”

ಆ ‘ಆಮೇಲೆ’ ಯಾವತ್ತೂ ಬರುವುದಿಲ್ಲವೆಂದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಹಿಂದಾ “ಆಗಲಿ” ಎಂದಳು.

ಲೇಬಿಶ್ ಇನ್ನೂ ಒಳಗೇ ಕೂತಿದ್ದ.