ತಟ್ಟೆ ಮಾಡಿದವಳ ಊಟ

"ಅಮ್ಮಾ, ಅಲ್ನೋಡು! ಆ ಕಿಟಕಿ ಪಕ್ಕದ ಮೇಜಿನ ಮೇಲಿರೋ ತಟ್ಟೆ. ಅದೂ ನಂದೇ!"

"ಕೈ ತೋರಿಸ್ಬೇಡ ಕಣೇ, ಅವ್ರು ಏನಂದ್ಕೋತಾರೆ," ಎನ್ನುತ್ತಲೇ ಅಮ್ಮ ತಾನೂ ಕತ್ತು ಚಾಚಿ ನೋಡಿದಳು.

ಮಗಳು ಕುಂಬಾರಿಕೆಗೆ ಕೈಹಾಕಿ ಆರು ವರ್ಷವಾಗಿತ್ತು. ಈವರೆಗೆ ಮಾರಿದ್ದೆಲ್ಲ ಬಿಡಿ ಲೋಟ, ಹೂಕುಂಡ. ಊರಿಗೆಲ್ಲ ಹುಚ್ಚು ಹಿಡಿಸಿದ್ದ ಈ ಜಪಾನಿ ಹೋಟೆಲಿನಲ್ಲಿ ಎಲ್ಲ ತಿನಿಸೂ ಎರಡು ಮೂರು ತುತ್ತಿನಷ್ಟೇ. ಅದಕ್ಕೆಂದೇ ಮಾಲೀಕ ಅವಳ ಕೈಲಿ ಎಂಬತ್ತು ಪುಟ್ಟ ತಟ್ಟೆ ಮಾಡಿಸಿಕೊಂಡಿದ್ದ. ಇನ್ನೂ ಇನ್ನೂರು ಬೇಕೋ ಬೇಡವೋ ಎಂದು ಇವತ್ತು ಹೇಳುವವನಿದ್ದ. ಬೆಳಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗಿರಲಿಲ್ಲ.

ಮೊದಲ ತಟ್ಟೆ ಬಂತು. ಬೂದು ಮೆರುಗಿನ ಮೇಲೆ ಬದನೆಕಾಯಿಯ ಮೂರು ಹೋಳು ಹೊಳೆಯುತ್ತಿದ್ದವು. ತನ್ನ ಹೆಬ್ಬೆರಳು ಒತ್ತಿದ ಅಂಚಿನ ತಗ್ಗಿನಲ್ಲಿ ಸಾಸ್ ನಿಂತಿದ್ದನ್ನು ಕಂಡು ಅವಳಿಗೆ ಮೈ ಜುಮ್ಮೆಂದಿತು.

ಅಮ್ಮ ಒಂದು ಹೋಳು ತಿಂದವಳೇ ಗಟಗಟ ನೀರು ಕುಡಿದಳು. "ಉಪ್ಪಿನ ಡಬ್ಬೀನೇ ಬೀಳಿಸಿದಾರೆ."

ಮೀನು ತಣ್ಣಗಿತ್ತು. ಅಣಬೆ ರಬ್ಬರಿನಂತೆ ಹಲ್ಲಿನಡಿ ಜಾರುತ್ತಿತ್ತು. ಪ್ರತಿ ತಟ್ಟೆ ಬಂದಾಗಲೂ ಮಗಳ ಮುಖ ಅರಳುತ್ತಿತ್ತು, ಮೊದಲ ತುತ್ತಿಗೇ ಬಾಡುತ್ತಿತ್ತು.

"ಕೇಳಿದ್ರೆ ಚೆನ್ನಾಗಿತ್ತು ಅಂದ್ಬಿಡು," ಅಮ್ಮ ಪಿಸುಗುಟ್ಟಿದಳು. "ನಿಂಗ್ಯಾಕೆ ಊರ ಉಸಾಬರಿ?"

ಅಷ್ಟರಲ್ಲಿ ಮಾಲೀಕ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದ. "ನೋಡಿದ್ರಾ? ಜನ ನಿಮ್ಮ ತಟ್ಟೇನ ತಿರುಗಿಸಿ ತಿರುಗಿಸಿ ನೋಡ್ತಿದ್ದಾರೆ! ಊಟ ಹೇಗಿತ್ತು?"

ಅಮ್ಮ ಮೇಜಿನ ಕೆಳಗೆ ಅವಳ ಕಾಲು ತುಳಿದಳು.

"ಸರ್, ನನ್ನ ತಟ್ಟೇನ ನೀವು ಮೂರು ಸಲ ವಾಪಸ್ ಕಳಿಸಿದ್ರಿ. ಅಂಚು ಒರಟು ಅಂದ್ರಿ, ಭಾರ ಅಂದ್ರಿ. ಅಳುನೇ ಬಂದಿತ್ತು. ಆದ್ರೆ ನೀವು ಹೇಳಿದ್ದು ಸರಿಯಾಗಿತ್ತು." ಅವಳು ಬದನೆಯ ತಟ್ಟೆಯನ್ನು ಅವನತ್ತ ತಳ್ಳಿದಳು. "ಇವತ್ತು ನಾನು ಇದನ್ನ ವಾಪಸ್ ಕಳಿಸ್ತಿದೀನಿ. ಉಪ್ಪು ಜಾಸ್ತಿ. ಮೀನು ಆರಿಹೋಗಿದೆ."

ಮಾಲೀಕನ ನಗು ಅರ್ಧಕ್ಕೇ ನಿಂತಿತು. ಖಾಲಿ ಕುರ್ಚಿ ಎಳೆದು ಕೂತ. ಉಳಿದಿದ್ದ ಬದನೆ ಹೋಳನ್ನು ಬಾಯಿಗಿಟ್ಟುಕೊಂಡು ನಿಧಾನಕ್ಕೆ ಅಗಿದ.

"ವಾರದಿಂದ ರುಚಿ ನೋಡೋಕೂ ಪುರುಸೊತ್ತಾಗಿಲ್ಲ," ಎಂದ. ಆಮೇಲೆ, "ನೀವು ಇನ್ನೂರು ತಟ್ಟೆ ಶುರು ಮಾಡಿ. ಅಡುಗೆಮನೆ ನಾನು ನೋಡ್ಕೋತೀನಿ."

ಅವಳಿಗೆ ಎದ್ದು ಕುಣಿಯಬೇಕೆನಿಸಿತು. ತುಟಿ ಬಿಗಿಹಿಡಿದು ಕೂತಳು.

ಮಾಲೀಕ ಮೀನಿನ ತಟ್ಟೆಯನ್ನೂ ಹತ್ತಿರಕ್ಕೆ ಎಳೆದುಕೊಂಡ. ಅಮ್ಮ ನೀರಿನ ಲೋಟವನ್ನು ಅವನ ಕಡೆ ಸರಿಸಿದಳು.