ದೊಡ್ಡಮ್ಮನಿಗೆ ಮತ್ತೆ ಕಾಲು ಬಂದ ದಿನ

ಆ ಬೆಳಿಗ್ಗೆ ಮಂಜು ನೆಲ ಬಿಟ್ಟು ಏಳಲೇ ಇಲ್ಲ. ಬೀದಿದೀಪಗಳು ಆರಿದ್ದರೂ ಸೂರ್ಯ ಬಂದ ಗುರುತಿರಲಿಲ್ಲ. ಕಾಗೆಯೊಂದು ಕೂಗುತ್ತಿತ್ತು, ಎಲ್ಲಿ ಕೂತು ಕೂಗುತ್ತಿದೆ ಎಂದು ಕಾಣುತ್ತಿರಲಿಲ್ಲ. ಮೇಸ್ತ್ರಿ ಗ್ಯಾರೇಜಿನ ಕಬ್ಬಿಣದ ಬಾಗಿಲು ತೆರೆದದ್ದೇ ತಡ, ಮಂಜು ಅವನಿಗಿಂತ ಮುಂಚೆ ಒಳಗೆ ಬಂದು ದೊಡ್ಡಮ್ಮನ ಉದ್ದನೆಯ ಮೂತಿಯ ಮೇಲೆ ಹನಿಯಾಗಿ ಕೂತಿತು. ಒರೆಸಿದ. ಒರೆಸಿದಷ್ಟೂ ಮತ್ತೆ ಹನಿ.

"ಹೋಗೋ ದಿನ ಅಳಬಾರದು ದೊಡ್ಡಮ್ಮ," ಎಂದ ಮೆಲ್ಲಗೆ.

ದೊಡ್ಡಮ್ಮ ಎಂದರೆ ಕಾರು. ಅಮೆರಿಕದಲ್ಲಿ ಹುಟ್ಟಿ, ಹಡಗೇರಿ ಸಮುದ್ರ ದಾಟಿ, ಯಾರ್ಯಾರ ಮನೆಯಲ್ಲೋ ಬಾಳಿ, ವಯಸ್ಸಾದ ಮೇಲೆ ಇವನ ಕೈ ಸೇರಿದ, ಕ್ಲಚ್ಚಿಲ್ಲದ ಹಳೆಯ ಸೆಡಾನು. ಹಿಂದೆ ಮೀನಿನ ರೆಕ್ಕೆಯಂಥ ಎರಡು ಏಣು, ಮುಂದೆ ಹಲ್ಲು ಕಿಸಿದಂಥ ಜಾಲರಿ, ಮಂಚದಷ್ಟು ಅಗಲದ ಸೀಟು. "ಮದುವೆಮನೆಗೆ ಬಂದ ದೊಡ್ಡಮ್ಮನ ಹಾಗಿದ್ದಾಳೆ, ಎಷ್ಟು ಜನ ಬಂದ್ರೂ ಸರಿದು ಜಾಗ ಮಾಡ್ತಾಳೆ," ಎಂದು ಅವನ ಹೆಂಡತಿ ಇಟ್ಟ ಹೆಸರು.

ಹೆಂಡತಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಹೋಗುವ ಮುಂಚೆ ಅವಳು ಕೇಳಿದ್ದು ಒಂದೇ. "ದೊಡ್ಡಮ್ಮನನ್ನ ಮೂಲೇಲಿ ನಿಲ್ಲಿಸಿ, ಅವಳ ಮುಂದೆ ಕೂತು ಅಳಬೇಡಿ. ನಿಂತಲ್ಲೇ ನಿಲ್ಲೋದು ಅಂದ್ರೆ ಏನು ಅಂತ ನನಗೆ ಗೊತ್ತು. ಓಡಿಸೋರ ಕೈಗೆ ಕೊಡಿ." ಅವನು ಹೂಂ ಎಂದಿದ್ದ. ಸಾಯುವವರ ಮುಂದೆ ಅಂದ ಹೂಂ, ದೇವರ ಮುಂದೆ ಅಂದದ್ದೇ ಸರಿ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ.

ಮದುವೆಯ ಹೊಸತರಲ್ಲಿ ಅವಳಿಗೆ ಒಂದು ಜ್ವರ ಬಂದಿತ್ತು. ಇಳಿಯುವಾಗ ಅದು ಕಾಲುಗಳ ಜೀವವನ್ನೂ ಇಳಿಸಿಕೊಂಡು ಹೋಯಿತು. ಗಾಲಿಕುರ್ಚಿಯಲ್ಲಿ ಕೂತ ಹೆಂಡತಿ ಕಿಟಕಿಯಾಚೆಯ ರಸ್ತೆಯನ್ನೇ ನೋಡುವುದನ್ನು ತಾಳಲಾರದೆ ಮೇಸ್ತ್ರಿ ಕಾರನ್ನು ಬಿಚ್ಚಿ ಹರವಿದ. ಬ್ರೇಕು, ಆಕ್ಸಿಲರೇಟರು ಎರಡನ್ನೂ ಸ್ಟೀರಿಂಗ್ ಪಕ್ಕದ ಒಂದೇ ಸರಳಿಗೆ ತಂದ: ತನ್ನ ಕಡೆ ಎಳೆದರೆ ಓಟ, ಮುಂದಕ್ಕೆ ತಳ್ಳಿದರೆ ನಿಲುಗಡೆ. ಸೀಟಿನ ಓಡಿಸುವವರ ಭಾಗ ಬೇರೆಯಾಗಿ ಬಾಗಿಲ ಕಡೆಗೆ ತಿರುಗಿ, ಅವಳನ್ನು ಕೂರಿಸಿಕೊಂಡು ಒಳಗೆ ಬರುವಂತಾಯಿತು. ಜೀವವಿಲ್ಲದ ಪಾದ ಜಾರಿ ಪೆಡಲಿನ ಮೇಲೆ ಬಿದ್ದೀತೆಂದು ಎರಡೂ ಪೆಡಲುಗಳನ್ನೇ ತೆಗೆದುಬಿಟ್ಟ. ಅವಳಿಗೆ ಕಲಿಸುವ ಮುಂಚೆ ತಾನು ಕಲಿಯಬೇಕಲ್ಲ. ಕಾಲು ತನ್ನ ಹಳೆ ಬುದ್ಧಿ ತೋರಿಸದಿರಲೆಂದು ಎರಡೂ ಕಾಲನ್ನು ಟವೆಲಿನಿಂದ ಸೀಟಿನ ಬುಡಕ್ಕೆ ಕಟ್ಟಿಕೊಂಡು ಓಡಿಸಿದ.

"ಪಾಪ, ಕಾಲಿದ್ದೋರಿಗೆ ಎಷ್ಟು ಕಷ್ಟ," ಎಂದು ಅವಳು ನಕ್ಕಿದ್ದಳು. ಆ ಜ್ವರದ ನಂತರ ಅವಳು ನಕ್ಕದ್ದು ಅದೇ ಮೊದಲು.

ಸರಳಿಗೊಂದು ಹಿಡಿ ಬೇಕಿತ್ತು. ಅವಳ ಅಣ್ಣ ಬಡಗಿ. ತೀರಿಹೋದ ತಂದೆಯ ಊರುಗೋಲನ್ನು ತಂದು, ಮೇಲಿನ ತುದಿಯನ್ನು ಕೊಯ್ದು ಕೊಟ್ಟ. "ಇದು ಉಡುಗೊರೆ ಅಲ್ಲ ಕಣಯ್ಯ, ಎರವಲು. ನನ್ನ ತಂಗಿ ಎದ್ದು ನಿಂತ ದಿನ ವಾಪಸ್ ಕೊಡಬೇಕು. ಕೆಳಗಿನ ತುಂಡಿಗೆ ಜೋಡಿಸಿ ಕೊಡ್ತೀನಿ, ಊರಿಕೊಂಡು ನಡೀಲಿ."

ಪೆಡಲುಗಳನ್ನೂ ಅದೇ ದಿನ ಹಾಕುವುದೆಂದು ಮೇಸ್ತ್ರಿ ಗ್ರೀಸು ಬಳಿದು, ಬಟ್ಟೆ ಸುತ್ತಿ, ಗ್ಯಾರೇಜಿನ ದೇವರ ಪಟದ ಹಿಂದೆ ಇಟ್ಟ. ವರ್ಷಗಟ್ಟಲೆ ಇಬ್ಬರೂ ಆ ಸರಳಿನಿಂದಲೇ ಕಾರು ಓಡಿಸಿದರು. ಪೆಡಲುಗಳನ್ನು ಅವನು ತುಕ್ಕು ಹಿಡಿಯದ ಹಾಗೆ ಆಗಾಗ ಬಿಚ್ಚಿ, ಒರೆಸಿ, ಮತ್ತೆ ಬಳಿಯುತ್ತಿದ್ದ. ಕೆಲವರು ಜಪಮಾಲೆ ತಿರುಗಿಸುತ್ತಾರೆ, ಅವನದು ಗ್ರೀಸು.

ಮಂಜಿನಲ್ಲೇ ಜವಳಿ ಅಂಗಡಿಯ ಯಜಮಾನರು ಕಾರು ನೋಡಲು ಬಂದರು. ಬಡಗಿ ಆಗಲೇ ಬಂದು ಹಳೆ ಟೈರಿನ ಮೇಲೆ ಕೂತಿದ್ದ. ಯಜಮಾನರು ಸೀಟಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ, ಒಳಗೆ ಕೂತು, ಕಾಲಿನಿಂದ ಕತ್ತಲೆಯಲ್ಲಿ ಚಪ್ಪಲಿ ಹುಡುಕುವವರ ಹಾಗೆ ತಡಕಾಡಿದರು.

"ಮೇಸ್ತ್ರಿ, ಇದಕ್ಕೆ ಪೆಡಲೇ ಇಲ್ವಲ್ಲ."

"ದೊಡ್ಡಮ್ಮನ ಕಾಲು ಹುಡುಕ್ತಿದ್ದೀರಾ ಯಜಮಾನರೇ?" ಎಂದ ಬಡಗಿ. "ನಮಸ್ಕಾರ ಮಾಡೋಕಾ?"

ಅವರು ನಕ್ಕರು. ಮೇಸ್ತ್ರಿ ಸರಳು ತೋರಿಸಿ, ಹೆಂಡತಿಗಾಗಿ ಮಾಡಿದ್ದು ಎಂದ. ಅವರು ನಗು ನಿಲ್ಲಿಸಿ, ಹಿಡಿಯ ಮೇಲೆ ಕೈಯಿಟ್ಟರು.

"ನಿಮ್ಮ ಕೈಕೆಲಸಕ್ಕೆ ಹೆಸರಿಡೋ ಹಾಗಿಲ್ಲ. ಆದ್ರೆ ಈ ವಯಸ್ಸಲ್ಲಿ ನನ್ನ ಕೈ ಇದಕ್ಕೆ ಪಳಗಲ್ಲ. ನಾನು ತಗೊಳ್ಳೋದು ಗಾಜಿನ ಹಿಂದೆ ಇಡೋಕಲ್ಲ, ಮನೆಮಂದಿನೆಲ್ಲ ತುಂಬಿಕೊಂಡು ಸುತ್ತೋಕೆ. ಮೊದಲಿದ್ದ ಹಾಗೆ ಮಾಡಿಕೊಡೋಕೆ ಆಗುತ್ತಾ?"

ಈವರೆಗೆ ಕೇಳಿಕೊಂಡು ಬಂದವರೆಲ್ಲ ನಿಲ್ಲಿಸಿ ನೋಡುವವರೇ. ಓಡಿಸುತ್ತೇನೆ ಎಂದವರು ಇವರೊಬ್ಬರೇ. ಅವಳ ಮಾತು ಉಳಿಯಬೇಕಾದರೆ ಅವಳ ಕೈಯ ಗುರುತು ಹೋಗಬೇಕು. ಮೇಸ್ತ್ರಿ ದೇವರ ಪಟದ ಕಡೆ ನೋಡಿದ.

"ಮಧ್ಯಾಹ್ನ ಬನ್ನಿ," ಎಂದ.

"ಆ ಮರದ ಹಿಡಿ ಮಾತ್ರ ಕಾರಲ್ಲೇ ಇರಲಿ. ಚೆನ್ನಾಗಿದೆ."

"ಅದು ನನ್ನದಲ್ಲ ಯಜಮಾನರೇ. ಎರವಲು ತಂದದ್ದು."

ಬಡಗಿ ನೆಲ ನೋಡಿದ.

ಅವರು ಹೋದ ಮೇಲೆ ಮೇಸ್ತ್ರಿ ಸ್ಟೀರಿಂಗಿನ ಕೆಳಗೆ ಅಂಗಾತ ಮಲಗಿದ. ಬಡಗಿ ಟಾರ್ಚು ಹಿಡಿದ.

"ನಾನು ಬಿಚ್ಚಲೇನಯ್ಯ?"

"ಬೇಡ ಭಾವ. ಹಾಕಿದ ಕೈಯೇ ಬಿಚ್ಚಲಿ."

ಸರಳು ಕಳಚಿ ಬಂತು. ಬಟ್ಟೆಯೊಳಗಿಂದ ಪೆಡಲುಗಳು ನಿನ್ನೆ ತಾನೆ ತೆಗೆದಿಟ್ಟ ಹಾಗೆ ಮಿಂಚಿದವು.

"ಒಂದು ಚುಕ್ಕೆ ತುಕ್ಕಿಲ್ಲವಲ್ಲಯ್ಯ," ಎಂದ ಬಡಗಿ.

"ಯಾವತ್ತು ಬೇಕಾಗುತ್ತೋ ಅಂತ."

ಹಳೆಯ ತೂತುಗಳು ಹಳೆಯ ಬೋಲ್ಟುಗಳನ್ನು ಮರೆತಿರಲಿಲ್ಲ. ಬೆರಳಲ್ಲೇ ತಿರುಗಿ ಕೂತವು. ಇಷ್ಟು ಕಾಲ ಬೇಡಿಕೊಂಡ ದಿನ ಬಂದೇಬಿಟ್ಟಿತ್ತು. ಬೇಡಿದ್ದನ್ನು ದೇವರು ಕೊಡುತ್ತಾನೆ ಎನ್ನುತ್ತಾರೆ. ಯಾರಿಗಾಗಿ ಬೇಡಿದ್ದು ಎಂದು ಅವನು ಕೇಳಿಸಿಕೊಂಡಿರುವುದಿಲ್ಲವೋ, ಕೇಳಿಸಿಕೊಂಡೂ ಬೇರೆ ಲೆಕ್ಕ ಇಟ್ಟಿರುತ್ತಾನೋ, ನಮಗೆ ತಿಳಿಯುವುದಲ್ಲ.

ಕಾರನ್ನು ಅಂಗಳಕ್ಕೆ ತೆಗೆದು ನೋಡಬೇಕಿತ್ತು. ಮೇಸ್ತ್ರಿ ಕೂತು, ಚಾಲೂ ಮಾಡಿ, ಹಿಂದಕ್ಕೆ ಬಿಟ್ಟ. ಅಂಗಳದಾಚೆ ಮನೆ, ಮನೆಯ ಹೊಸ್ತಿಲಿಂದ ಅಂಗಳಕ್ಕೆ ಮರದ ಇಳಿಜಾರು, ತಂಗಿಯ ಗಾಲಿಕುರ್ಚಿಗೆಂದು ಬಡಗಿಯೇ ಮಾಡಿದ್ದು. ಇಳಿಜಾರು ಹತ್ತಿರವಾಯಿತು. ಮೇಸ್ತ್ರಿಯ ಕೈ ಸ್ಟೀರಿಂಗ್ ಪಕ್ಕಕ್ಕೆ ಹೋಗಿ, ಗಾಳಿಯನ್ನು ಹಿಡಿದು, ಮುಂದಕ್ಕೆ ತಳ್ಳಿತು. ಕಾರು ನಿಲ್ಲಲಿಲ್ಲ. ಇನ್ನೂ ಬಲವಾಗಿ ತಳ್ಳಿತು.

"ಕಾಲಯ್ಯ, ಕಾಲಿಡು," ಎನ್ನುತ್ತ ಬಡಗಿ ಓಡಿಬಂದು ಕಿಟಕಿಯಿಂದ ಕೈ ತೂರಿಸಿ ಕೀಲಿ ತಿರುಗಿಸುವಷ್ಟರಲ್ಲಿ ಹಲಗೆಗಳು ಲಟಲಟನೆ ಮುರಿದಿದ್ದವು.

ಮೇಸ್ತ್ರಿಯ ಕೈ ಇನ್ನೂ ಗಾಳಿಯಲ್ಲೇ ಮುಷ್ಟಿ ಕಟ್ಟಿತ್ತು. ಪಾದಗಳೆರಡೂ, ಯಾರೋ ಟವೆಲು ಕಟ್ಟಿದ ಹಾಗೆ, ಸೀಟಿನ ಬುಡಕ್ಕೆ ಅಂಟಿದ್ದವು.

"ಬ್ರೇಕು ಕೆಳಗಿದೆ ಅಂತ ಗೊತ್ತಿಲ್ವಾ? ಈಗ ತಾನೆ ನೀನೇ ಹಾಕಿದ್ದಲ್ವಾ?"

"ನನಗೆ ಕಾಲಿದೆ ಅನ್ನೋದೇ ಮರೆತಿತ್ತು ಭಾವ," ಎಂದ ಮೇಸ್ತ್ರಿ. ಆಮೇಲೆ ಸ್ಟೀರಿಂಗಿಗೆ ಹಣೆಯಿಟ್ಟು, ವರ್ಷವೆಲ್ಲ ತಡೆದಿಟ್ಟದ್ದನ್ನು ಹರಿಯಬಿಟ್ಟ.

ಬಡಗಿ ಹೋಗಿ ಮುರಿದ ಹಲಗೆಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಒರಗಿಸಿದ. ಮೇಸ್ತ್ರಿ ಅತ್ತು ಮುಗಿಸಲೆಂದೇ ನಿಧಾನ ಮಾಡಿದ.

"ನಾನು ಸರಿ ಮಾಡಿಸಿ ಕೊಡ್ತೀನಿ ಭಾವ."

"ಬಿಡಯ್ಯ. ಇನ್ನು ಇದರ ಮೇಲೆ ಬರೋರು ಯಾರಿದ್ದಾರೆ?"

ಮಧ್ಯಾಹ್ನ ಬಿಸಿಲು ಬಂತು, ಬಿಸಿಲಿನ ಜೊತೆಗೆ ಯಜಮಾನರೂ ಬಂದರು. ದೊಡ್ಡಮ್ಮನ ಬಂಪರಿಗೆ ಒಂದು ಗೀರೂ ಆಗಿರಲಿಲ್ಲ. ಅವರು ಕೂತು, ಪೆಡಲು ಒತ್ತಿ ನೋಡಿ, "ಹೊಸದರ ಹಾಗೇ ಇದೆ," ಎಂದರು. ಮೇಸ್ತ್ರಿ ಕೀಲಿ ಕೊಟ್ಟ. ಕಾರು ಗೇಟು ದಾಟಿತು. ಬೀದಿಯ ತಿರುವಿನಲ್ಲಿ ಹಿಂದಿನ ಕೆಂಪು ದೀಪ ಹೊತ್ತಿತು, ಆರಿತು. ಶಬ್ದ ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೇಳುತ್ತಿತ್ತು.

ಅದೂ ನಿಂತ ಮೇಲೆ ಮೇಸ್ತ್ರಿ ಜೇಬಿನಿಂದ ಮರದ ಹಿಡಿಯನ್ನು ತೆಗೆದ. ಅವಳ ಹೆಬ್ಬೆರಳು ಊರುತ್ತಿದ್ದ ಕಡೆ ಅದು ಸವೆದು, ಒಂದು ಸಣ್ಣ ಗುಳಿ ಬಿದ್ದಿತ್ತು. ಗ್ರೀಸು ಅಂಟದ ಹಾಗೆ ಅಂಗಿಯ ಚುಂಗಿನಿಂದ ಒರೆಸಿದ, ಗುಳಿಯಿರುವ ಕಡೆಯನ್ನು ಮೇಲೆ ಮಾಡಿದ, ಭಾವನ ಕೈ ಹಿಡಿದು ಅಂಗೈಯಲ್ಲಿ ಇಟ್ಟ.